ಮೆತ್ತಗಾದ ಮೂಳೆಯಲ್ಲಿ ರಕ್ತನಾಳ ಹುಡುಕುವಾಗ

ಮೂಳೆಯೊಳಗಿನ ರಕ್ತನಾಳ ಕಾಣಬೇಕಾದರೆ ಮೂಳೆಯ ಕ್ಯಾಲ್ಸಿಯಂ ತೆಗೆದು ಅದನ್ನು ಮೆತ್ತಗೆ ಮಾಡಬೇಕು. ಕ್ಯಾಲ್ಸಿಯಂ ಹೋಯಿತೆಂದರೆ ಮೂಳೆ ಎಷ್ಟಿತ್ತು ಎಂದು ಅಳೆಯುವ ದಾರಿ ಮುಚ್ಚಿತು. ವಯಸ್ಸಾದ ಹೆಂಗಸರ ಮೂಳೆ ಟೊಳ್ಳಾಗುವುದಕ್ಕೂ ಅದರೊಳಗಿನ ರಕ್ತನಾಳಗಳಿಗೂ ಏನು ನಂಟು ಎಂದು ನೋಡಹೊರಟವರು ಮೊದಲ ದಿನವೇ ಸಿಕ್ಕಿಬೀಳುವ ಇಕ್ಕಟ್ಟು ಇದು. ಎರಡನ್ನೂ ಅಳೆಯಬೇಕು, ಆಗುವುದಾದರೆ ಒಂದೇ ಮೂಳೆಯಲ್ಲಿ. ಹಾಗಾಗಿ ಕೆಲಸದ ಕ್ರಮ ತಪ್ಪುವಂತಿಲ್ಲ: ಮೊದಲು ಮೈಕ್ರೊ ಸಿಟಿ (ಮೂಳೆ ಅಳೆಯುವ ಸೂಕ್ಷ್ಮ ಎಕ್ಸ್-ರೇ ಸ್ಕ್ಯಾನ್), ಆಮೇಲೆ ಇಡಿಟಿಎ (ಕ್ಯಾಲ್ಸಿಯಂ ಹಿಡಿದು ತೆಗೆಯುವ ರಾಸಾಯನಿಕ), ಆಮೇಲೆ ಕತ್ತರಿಸುವುದು, ಕೊನೆಗೆ ನಾಳಗಳಿಗೆ ಬಣ್ಣ. ಒಮ್ಮೆ ಇಡಿಟಿಎಗೆ ಬಿದ್ದ ಮೂಳೆಗೆ ಸಿಟಿ ಮಾಡಿಸಲು ಬರುವುದಿಲ್ಲ.

ಇಲ್ಲಿ ಮೂಳೆ ಟೊಳ್ಳಾಗುವುದು ಎಂದರೆ ಆಸ್ಟಿಯೊಪೊರೋಸಿಸ್. ಮಾತಿನಲ್ಲಿ ಇದನ್ನು ‘ಮೂಳೆ ಸವೆತ’ ಎಂದುಬಿಡುತ್ತೇವೆ. ಮಂಡಿನೋವಿನ ಕೀಲು ಸವೆತಕ್ಕೂ ಅದೇ ಹೆಸರು. ಎರಡೂ ಬೇರೆ ಬೇರೆ ಕಾಯಿಲೆಗಳು. ಈ ಗೊಂದಲ ಮುಂದೆ ಮಾದರಿ ಆರಿಸುವಾಗಲೂ ಕಾಡುತ್ತದೆ.

ಮೂಳೆ ಒಣಕಟ್ಟಿಗೆಯಲ್ಲ. ಹೃದಯ ಹೊರದೂಡುವ ರಕ್ತದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಅಸ್ಥಿಪಂಜರಕ್ಕೆ ಹೋಗುತ್ತದೆ. ಆ ರಕ್ತ ಹರಿಯುವ ಲೋಮನಾಳಗಳೆಲ್ಲ ಒಂದೇ ಬಗೆಯವಲ್ಲ ಎಂದು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಂಜಲಿ ಕುಸುಂಬೆ, ಸರವಣ ರಾಮಸಾಮಿ, ರಾಲ್ಫ್ ಆಡಮ್ಸ್ ತೋರಿಸಿದರು. ನಾಳದ ಒಳಪದರದ ಕೋಶಗಳ ಮೇಲಿರುವ ಎರಡು ಪ್ರೋಟೀನುಗಳು, ಸಿಡಿ31 ಮತ್ತು ಎಂಡೊಮ್ಯೂಸಿನ್, ಎರಡೂ ಜೋರಾಗಿ ಹೊಳೆದರೆ ಅದು ‘ಎಚ್’ ಬಗೆಯ ನಾಳ. ಎರಡೂ ಮಂಕಾಗಿದ್ದರೆ ‘ಎಲ್’ ಬಗೆ. ಎಚ್ ಎಂದರೆ ಹೈ, ಎಲ್ ಎಂದರೆ ಲೋ, ಅಷ್ಟೇ. ಬೇರೆ ಗುಟ್ಟೇನೂ ಇಲ್ಲ. ಇಲಿಯ ಉದ್ದ ಮೂಳೆಯಲ್ಲಿ ಎಚ್ ನಾಳಗಳು ಗ್ರೋತ್ ಪ್ಲೇಟಿನ (ಮೂಳೆ ಉದ್ದ ಬೆಳೆಯುವ, ತುದಿಯ ಬಳಿಯ ಮೃದ್ವಸ್ಥಿ ಪದರ) ಕೆಳಗೆ ಕಂಬಗಳಂತೆ ಸಾಲಾಗಿ ನಿಂತಿರುತ್ತವೆ, ಗ್ರೋತ್ ಪ್ಲೇಟಿನ ಬದಿಯ ತುದಿಯಲ್ಲಿ ಕಮಾನಿನಂತೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಮೂಳೆಯ ಒಳಗೋಡೆಗೆ ಅಂಟಿಕೊಂಡೂ ಇರುತ್ತವೆ. ಎಲ್ ನಾಳಗಳು ನಡುಭಾಗದ ಮಜ್ಜೆಯಲ್ಲಿ ಬಲೆಯಂತೆ ಹರಡಿಕೊಂಡಿರುತ್ತವೆ. ಧಮನಿಯ ಕವಲುಗಳು ನೇರವಾಗಿ ಎಚ್ ನಾಳಗಳಿಗೆ ಬಂದು ಸೇರುವುದರಿಂದ ಅಲ್ಲಿ ಆಮ್ಲಜನಕ ಹೆಚ್ಚು. ಮೂಳೆ ಕಟ್ಟುವ ಕೋಶಗಳಾಗಬೇಕಾದ ಎಳೆಯ ಕೋಶಗಳು ಗುಂಪುಗೂಡುವುದೂ ಈ ನಾಳಗಳ ಸುತ್ತಲೇ. ವಯಸ್ಸಾದ ಇಲಿಯಲ್ಲಿ ಎಚ್ ನಾಳಗಳು ತೀರ ಕಡಿಮೆಯಾಗುತ್ತವೆ, ಜೊತೆಗೆ ಆ ಕೋಶಗಳೂ. ಇಡೀ ವಿಷಯದ ಬುನಾದಿ ಇದು.

ಹೆಂಗಸರ ಮೂಳೆ ಬೇಗಬೇಗ ಟೊಳ್ಳಾಗತೊಡಗುವುದು ಮುಟ್ಟು ನಿಂತು ಈಸ್ಟ್ರೋಜನ್ ಇಳಿದಾಗ. ಅದನ್ನು ಇಲಿಯಲ್ಲಿ ತರುವುದು ಹೇಗೆ? ಇಲಿಗೆ ಹೆಂಗಸರಂತೆ ಮುಟ್ಟು ನಿಲ್ಲುವ ಹಂತವೇ ಇಲ್ಲ. ಅರಿವಳಿಕೆ ಕೊಟ್ಟು, ಬೆನ್ನಿನ ಕಡೆಯಿಂದ ಸಣ್ಣ ಗಾಯ ಮಾಡಿ ಎರಡೂ ಅಂಡಾಶಯ ತೆಗೆಯುವುದು ರೂಢಿ. ಹೋಲಿಕೆಗೆ ಇರುವ ಗುಂಪಿಗೂ ಅದೇ ಅರಿವಳಿಕೆ, ಅದೇ ಗಾಯ, ಅದೇ ಹೊಲಿಗೆ, ಅದೇ ನೋವಿನ ಔಷಧ. ಅಂಡಾಶಯ ಮಾತ್ರ ಹಾಗೇ ಬಿಡುತ್ತೇವೆ. ಅಂಡಾಶಯ ಕೊಬ್ಬಿನ ಉಂಡೆಯೊಂದರಲ್ಲಿ ಹುದುಗಿರುತ್ತದೆ. ಕೊಬ್ಬಿನ ಸಮೇತ ಎತ್ತಿ, ಕೆಳಗೆ ದಾರ ಕಟ್ಟಿ ಕತ್ತರಿಸದಿದ್ದರೆ ಚೂರು ಉಳಿದುಕೊಳ್ಳುತ್ತದೆ. ಉಳಿದ ಚೂರು ಈಸ್ಟ್ರೋಜನ್ ಮಾಡುತ್ತಲೇ ಇರುತ್ತದೆ, ಇಲಿಯ ಮೂಳೆ ಟೊಳ್ಳಾಗುವುದೇ ಇಲ್ಲ. ಇದನ್ನು ಹಿಡಿಯುವ ಸುಲಭದ ದಾರಿ ಗರ್ಭಕೋಶದ ತೂಕ. ಅಂಡಾಶಯ ಪೂರ್ತಿ ಹೋಗಿದ್ದರೆ ಕೆಲವೇ ವಾರಗಳಲ್ಲಿ ಗರ್ಭಕೋಶ ನೂಲಿನಂತೆ ಸೊರಗಿರುತ್ತದೆ. ಸೊರಗದ ಇಲಿಯನ್ನು ಲೆಕ್ಕದಿಂದ ತೆಗೆಯಬೇಕು. ತೆಗೆಯುವ ನಿರ್ಧಾರವನ್ನು ಮೂಳೆಯ ಫಲಿತಾಂಶ ನೋಡುವ ಮುಂಚೆಯೇ ಮಾಡಬೇಕು, ನೋಡಿದ ಮೇಲಲ್ಲ.

ಇನ್ನೊಂದು ದಾರಿ ವಿಸಿಡಿ ಎಂಬ ರಾಸಾಯನಿಕದ ಚುಚ್ಚುಮದ್ದು. ಅದು ಅಂಡಾಶಯದಲ್ಲಿರುವ ಮೊಟ್ಟೆಚೀಲಗಳನ್ನು ಮೆಲ್ಲಗೆ ಖಾಲಿ ಮಾಡುತ್ತದೆ. ಹೆಂಗಸರಲ್ಲಿ ಆಗುವುದಕ್ಕೆ ಇದೇ ಹತ್ತಿರ. ಆದರೆ ಸಮಯ ಹಿಡಿಯುತ್ತದೆ, ಎಲ್ಲ ಇಲಿಗಳೂ ಒಂದೇ ದಿನ ಆ ಹಂತ ಮುಟ್ಟುವುದಿಲ್ಲ. ಹೀಗಾಗಿ ಹೆಚ್ಚಿನವರು ಕತ್ತರಿಯನ್ನೇ ನಂಬುತ್ತಾರೆ.

ಇಲಿಯ ವಯಸ್ಸಿನಲ್ಲೂ ಮೋಸ ಹೋಗಬಹುದು. ಪ್ರಯೋಗಾಲಯದಲ್ಲಿ ತೀರ ಸಾಮಾನ್ಯವಾದ ಸಿ57 ಬ್ಲ್ಯಾಕ್ 6 ತಳಿಯ ಹೆಣ್ಣಿಲಿಯ ತೊಡೆಮೂಳೆಯ ಕೆಳತುದಿಯಲ್ಲಿ, ಒಳಗಿನ ಜಾಳಿಗೆಯಂಥ ಮೂಳೆ ಎರಡು ಮೂರು ತಿಂಗಳಿಗೇ ಇಳಿಯತೊಡಗುತ್ತದೆ. ಆರು ತಿಂಗಳಿಗೆ ಅಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ‘ವಯಸ್ಸಾದ ಹೆಂಗಸಿಗೆ ವಯಸ್ಸಾದ ಇಲಿ’ ಎಂದುಕೊಂಡು ಆಗ ಅಂಡಾಶಯ ತೆಗೆದರೆ ಎರಡು ಗುಂಪಿನ ನಡುವೆ ವ್ಯತ್ಯಾಸವೇ ಕಾಣದೆ ಹೋಗಬಹುದು. ಹಣೆಬರಹ ಬೈದು ಫಲವಿಲ್ಲ. ಅಂಥ ವಯಸ್ಸಿಗೆ ಬೆನ್ನುಮೂಳೆ ನೋಡುವುದು ಮೇಲು, ಅಲ್ಲಿ ಜಾಳಿಗೆ ಹೆಚ್ಚು ಕಾಲ ಉಳಿಯುತ್ತದೆ.

ಮೂಳೆ ತೆಗೆಯುವ ದಿನ ಐಸ್ ಮೇಲೆ, ಅಂಗಾಂಶ ಕೆಡದಂತೆ ಹಿಡಿದಿಡುವ ನಾಲ್ಕು ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್ ಸಿದ್ಧವಿರಬೇಕು. ಹಿಂದಿನ ವಾರದ್ದಲ್ಲ, ಅಂದೇ ಮಾಡಿದ್ದು ಅಥವಾ ಅಂದೇ ಫ್ರೀಜರಿನಿಂದ ಕರಗಿಸಿದ್ದು. ಮಾಂಸ ಪೂರ್ತಿ ಬಿಡಿಸಬೇಕು, ಉಳಿದ ಮಾಂಸ ದ್ರಾವಣವನ್ನು ಒಳಗೆ ಬಿಡುವುದಿಲ್ಲ. ಹಾಗೆಂದು ಬ್ಲೇಡಿನಿಂದ ಮೂಳೆಯ ಮೈ ಕೆರೆಯಬಾರದು: ಹೊರಗಿನಿಂದ ಗಟ್ಟಿಮೂಳೆಯನ್ನು ಕೊರೆದು ಮಜ್ಜೆಗೆ ಹೋಗುವ ಸಣ್ಣ ನಾಳಗಳು ಅಲ್ಲೇ ಇವೆ. 2019ರಲ್ಲಿ ವಿವರವಾಗಿ ಬಣ್ಣಿಸಲಾದ ಈ ಅಡ್ಡನಾಳಗಳು ಇಲಿಯ ಒಂದೊಂದು ಕಾಲುಮೂಳೆಯಲ್ಲಿ ನೂರಾರಿವೆ. ಫಾರ್ಮಾಲ್ಡಿಹೈಡಿನಲ್ಲಿ ನಾಲ್ಕು ಗಂಟೆ ಸಾಕು. ‘ರಾತ್ರಿ ಇಟ್ಟು ಬೆಳಗ್ಗೆ ನೋಡೋಣ’ ಎಂಬ ಸೋಮಾರಿತನದ ದಂಡ ನಾಲ್ಕು ದಿನ ಕಳೆದ ಮೇಲೆ ಗೊತ್ತಾಗುತ್ತದೆ. ಹೆಚ್ಚು ಹೊತ್ತು ಇಟ್ಟರೆ, ಗುರುತಿಸಬೇಕಾದ ಪ್ರೋಟೀನಿಗೆ ಹೋಗಿ ಅಂಟುವ ಆ್ಯಂಟಿಬಾಡಿ ಹಿಡಿಯಬೇಕಾದ ಜಾಗ ಮುಚ್ಚಿಹೋಗಿ ಎಂಡೊಮ್ಯೂಸಿನ್ ಮಂಕಾಗುತ್ತದೆ, ಎಚ್ ನಾಳವೂ ಎಲ್ ನಾಳದಂತೆ ಕಾಣುತ್ತದೆ.

ನಾಲ್ಕು ಗಂಟೆ ಮುಗಿಯುತ್ತಲೇ ತೊಳೆದು, ಮೂಳೆಯನ್ನು ಒಣಗಲು ಬಿಡದೆ ಉಪ್ಪುದ್ರಾವಣದ ಕೊಳವೆಯಲ್ಲೇ ಮೈಕ್ರೊ ಸಿಟಿಗೆ ಇಡುತ್ತೇವೆ. ಇಲಿಯ ಜಾಳಿಗೆಯ ಒಂದು ಕಡ್ಡಿಯ ದಪ್ಪ ಸುಮಾರು 50 ಮೈಕ್ರಾನ್. ಆದ್ದರಿಂದ ಚಿತ್ರದ ಚುಕ್ಕೆ 10 ಮೈಕ್ರಾನಿಗಿಂತ ದೊಡ್ಡದಿರಬಾರದು. ಇಲ್ಲಿ ಗಮನಕ್ಕೆ ಬಾರದೆ ಹೋಗುವ ಒಂದು ತೊಡಕಿದೆ. ಸಿಟಿಯಲ್ಲಿ ಮೂಳೆಯ ಪ್ರಮಾಣ ಅಳೆಯುವವರು ಗ್ರೋತ್ ಪ್ಲೇಟಿಗೆ ಅಂಟಿದ ಎಳೆಮೂಳೆಯನ್ನು ಬಿಟ್ಟು, ಸ್ವಲ್ಪ ಕೆಳಗಿನಿಂದ ಅಳತೆ ಶುರುಮಾಡುತ್ತಾರೆ. ಅದು ಒಪ್ಪಿತ ಕ್ರಮ. ಎಚ್ ನಾಳಗಳು ದಟ್ಟವಾಗಿರುವುದು ಬಿಟ್ಟುಬಿಟ್ಟ ಆ ಜಾಗದಲ್ಲೇ. ಅಂದರೆ ‘ನಾಳ ಕಡಿಮೆ, ಮೂಳೆ ಕಡಿಮೆ’ ಎಂದು ಒಂದೇ ಗ್ರಾಫಿನಲ್ಲಿ ಕೂರಿಸುವ ಎರಡು ಸಂಖ್ಯೆಗಳು ಅಕ್ಕಪಕ್ಕದ ಎರಡು ಜಾಗಗಳವು, ಒಂದೇ ಜಾಗದವಲ್ಲ. ತಪ್ಪೇನಲ್ಲ, ಆದರೆ ಗ್ರಾಫಿನ ಕೆಳಗೆ ಅದನ್ನು ಬರೆಯಬೇಕು.

ಇಡಿಟಿಎ ದ್ರಾವಣ ಮಾಡುವಾಗ ಹೊಸಬರು ಸಾಮಾನ್ಯವಾಗಿ ಗಾಬರಿಯಾಗುತ್ತಾರೆ. ಅರ್ಧ ಮೋಲಾರಿಗೆ ಒಂದು ಲೀಟರಿಗೆ ಡೈಸೋಡಿಯಂ ಇಡಿಟಿಎ ಡೈಹೈಡ್ರೇಟ್ 186.1 ಗ್ರಾಂ ಬೇಕು. ಪುಡಿ ನೀರಿಗೆ ಹಾಕಿ ಎಷ್ಟು ತಿರುಗಿಸಿದರೂ ಹಾಲಿನಂತೆ ಬೆಳ್ಳಗೆ ನಿಲ್ಲುತ್ತದೆ, ಕರಗುವುದಿಲ್ಲ. ಪಿಎಚ್ 8ರ ಹತ್ತಿರ ಬರುವವರೆಗೆ ಸೋಡಿಯಂ ಹೈಡ್ರಾಕ್ಸೈಡ್ ಸ್ವಲ್ಪಸ್ವಲ್ಪವೇ ಹಾಕುತ್ತಾ ಹೋದರೆ ಒಮ್ಮೆಲೇ ತಿಳಿಯಾಗುತ್ತದೆ. ತಿಳಿಯಾದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದ ಹನಿಗಳಿಂದ 7.4ಕ್ಕೆ ಇಳಿಸುವುದು. ಮೂಳೆಯ ಗಾತ್ರಕ್ಕಿಂತ ಕನಿಷ್ಠ 20 ಪಟ್ಟು ದ್ರಾವಣ, 4 ಡಿಗ್ರಿ ತಂಪಿನಲ್ಲಿ, ಸದಾ ಅಲುಗುತ್ತಿರಬೇಕು, ದಿನಕ್ಕೊಮ್ಮೆ ಬದಲಿಸಬೇಕು. ಮೂರು ನಾಲ್ಕು ವಾರದ ಮರಿಯ ಮೂಳೆಗೆ 24 ಗಂಟೆ ಸಾಕಾಗುತ್ತದೆ. ದೊಡ್ಡ ಇಲಿಗೆ ಎರಡರಿಂದ ನಾಲ್ಕು ದಿನ. ಫಾರ್ಮಿಕ್ ಅಥವಾ ನೈಟ್ರಿಕ್ ಆಮ್ಲದಲ್ಲಿ ಇದೇ ಕೆಲಸ ಬೇಗ ಮುಗಿಯುತ್ತದೆ. ಪ್ರೋಟೀನಿನ ಗುರುತುಗಳೂ ಜೊತೆಯಲ್ಲೇ ಹೋಗುತ್ತವೆ. ಕೋಶದ ಆಕಾರ ಮಾತ್ರ ನೋಡುವವರಿಗೆ ಆಮ್ಲ ನಡೆದೀತು, ನಮಗೆ ನಡೆಯದು.

ಸಾಕಷ್ಟು ಮೆತ್ತಗಾಯಿತೇ ಎಂದು ಸೂಜಿ ಚುಚ್ಚಿ ನೋಡುವ ಅಭ್ಯಾಸ ಕೆಲವರಿಗಿದೆ. ಸೂಜಿಯ ತೂತು ಮುಂದೆ ಚಿತ್ರದಲ್ಲಿ ರಕ್ತನಾಳವಿಲ್ಲದ ಸುರಂಗವಾಗಿ ಕಾಣುತ್ತದೆ. ಮೂಳೆಯನ್ನು ಚಿಮುಟದಲ್ಲಿ ಹಿಡಿದು ತುಸು ಬಗ್ಗಿಸಿದರೆ ಸಾಕು: ಎಳೆ ಹುರುಳಿಕಾಯಿಯಂತೆ ಬಾಗಿದರೆ ಆಯಿತು, ಚಟ್ಟೆಂದು ತಡೆದರೆ ಇನ್ನೊಂದು ದಿನ.

ಮುಂದಿನ ಹೆಜ್ಜೆ 20 ಶೇಕಡಾ ಸಕ್ಕರೆ ಮತ್ತು 2 ಶೇಕಡಾ ಪಿವಿಪಿ (ನೀರಿನಲ್ಲಿ ಕರಗುವ ಒಂದು ಪಾಲಿಮರ್) ಇರುವ ದ್ರಾವಣದಲ್ಲಿ ಒಂದು ದಿನ ನೆನೆಸುವುದು. ಮೂಳೆ ತಳಕ್ಕೆ ಇಳಿಯಬೇಕು; ತೇಲುತ್ತಿದ್ದರೆ ಸಕ್ಕರೆ ಒಳಗೆ ಹೋಗಿಲ್ಲ, ಹೆಪ್ಪುಗಟ್ಟಿಸುವಾಗ ಹರಳು ಬೆಳೆದು ಮಜ್ಜೆ ಹರಿಯುತ್ತದೆ. ಹೆಪ್ಪುಗಟ್ಟಿಸಲು ಅದೇ ದ್ರಾವಣಕ್ಕೆ 8 ಶೇಕಡಾ ಜೆಲಾಟಿನ್ ಸೇರಿಸಿದ ಅಂಟು. ನೂರು ಮಿಲಿಲೀಟರಿಗೆ ಜೆಲಾಟಿನ್ 8 ಗ್ರಾಂ, ಸಕ್ಕರೆ 20 ಗ್ರಾಂ, ಪಿವಿಪಿ 2 ಗ್ರಾಂ. 60 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ಯುವ ಮುಂಚೆ ಆರಲು ಬಿಡಬೇಕು. ಸಾಮಾನ್ಯ ಓಸಿಟಿ ಅಂಟು ದಪ್ಪ ಪದರಕ್ಕೆ ಆಗಿಬರುವುದಿಲ್ಲ, ಮಜ್ಜೆ ಕಳಚಿ ಬೀಳುತ್ತದೆ. ಅಚ್ಚಿನಲ್ಲಿ ಮೂಳೆಯನ್ನು ಮಟ್ಟಸವಾಗಿ ಮಲಗಿಸುವುದಕ್ಕೆ ಎಷ್ಟು ಹೊತ್ತಾದರೂ ಸರಿ. ಓರೆಯಾಯಿತೆಂದರೆ ಕಂಬದಂಥ ನಾಳಗಳೆಲ್ಲ ಅಡ್ಡಕ್ಕೆ ಕತ್ತರಿಸಿ ಬರೀ ಉಂಗುರಗಳಾಗಿ ಕಾಣುತ್ತವೆ, ಎಣಿಕೆಯೂ ಕೆಡುತ್ತದೆ. ಅರ್ಧ ಗಂಟೆ ಗಟ್ಟಿಯಾಗಲು ಬಿಟ್ಟು, ಮೈನಸ್ 80ರಲ್ಲಿ ಒಂದು ರಾತ್ರಿ. ಮರುದಿನ ಕ್ರಯೊಸ್ಟ್ಯಾಟಿನೊಳಗೆ (ತಂಪಿನಲ್ಲೇ ಪದರ ಕತ್ತರಿಸುವ ಯಂತ್ರ) ಸುಮಾರು ಮೈನಸ್ 23 ಡಿಗ್ರಿಗೆ ಬರುವವರೆಗೆ ಕಾದು ಕತ್ತರಿಸುವುದು. ಕಾಯದೆ ಬ್ಲೇಡು ತಾಗಿಸಿದರೆ ಪದರ ಗಾಜಿನಂತೆ ಸಿಡಿಯುತ್ತದೆ. ಕತ್ತರಿಸುವಾಗ ಕರಕರ ಸದ್ದು ಬಂದರೆ ಒಳಗೆ ಕ್ಯಾಲ್ಸಿಯಂ ಉಳಿದಿದೆ ಎಂದು ಅರ್ಥ.

ಪದರದ ದಪ್ಪ 80ರಿಂದ 100 ಮೈಕ್ರಾನ್. ಹಳೆಯ ರೀತಿಯ 5 ಮೈಕ್ರಾನ್ ಪದರದಲ್ಲಿ ನಾಳಗಳು ಬಿಡಿಬಿಡಿ ಚುಕ್ಕೆಗಳಂತೆ ಕಾಣುತ್ತವೆ. ಯಾವುದು ಕಂಬ, ಯಾವುದು ಬಲೆ, ಯಾವುದು ಯಾವುದಕ್ಕೆ ಸೇರಿದೆ ಎಂದು ಹೇಳಲಾಗುವುದಿಲ್ಲ. ದಶಕಗಟ್ಟಲೆ ಜನ ಮೂಳೆ ಕತ್ತರಿಸಿಯೂ ಎಚ್ ನಾಳ ಬೇರೆ ಎಂದು ಗೊತ್ತಾಗದೆ ಉಳಿದದ್ದರಲ್ಲಿ ಈ ತೆಳುಪದರದ ಪಾಲೂ ಇದೆ ಎಂದು ನಮ್ಮ ಅನಿಸಿಕೆ.

ಬಣ್ಣ ಹಾಕುವಾಗ, ಪದರದೊಳಗೆ ದಾರಿ ಮಾಡಲು 0.3 ಶೇಕಡಾ ಟ್ರೈಟಾನಿನಲ್ಲಿ 10ರಿಂದ 20 ನಿಮಿಷ, ಬೇಡದ ಕಡೆ ಅಂಟದಂತೆ ಬ್ಲಾಕ್ ಮಾಡಲು 5 ಶೇಕಡಾ ಡಾಂಕಿ ಸೀರಮ್ಮಿನಲ್ಲಿ (ಕತ್ತೆಯ ರಕ್ತದ ತಿಳಿ) ಅರ್ಧ ಗಂಟೆ, ಆಮೇಲೆ ಆ್ಯಂಟಿಬಾಡಿ ಹಾಕಿ ತಂಪಿನಲ್ಲಿ ಒಂದು ರಾತ್ರಿ. ಇಲ್ಲಿ ಕೈಕೊಡುವ ತಪ್ಪು ಯಾವಾಗಲೂ ಒಂದೇ: ಎರಡು ಆ್ಯಂಟಿಬಾಡಿಗಳೂ ಒಂದೇ ಪ್ರಾಣಿಯಿಂದ ಪಡೆದವಾಗಿರುವುದು. (ನಾವು ಇಲಿ ಎನ್ನುತ್ತಿರುವುದು ಮೌಸ್, ರ್‍ಯಾಟ್ ಅದಕ್ಕಿಂತ ದೊಡ್ಡ ಬೇರೆ ಜಾತಿ.) ಎಂಡೊಮ್ಯೂಸಿನ್‌ಗೆ ಎಲ್ಲರೂ ಬಳಸುವ ವಿ.7ಸಿ7 ಆ್ಯಂಟಿಬಾಡಿ ರ್‍ಯಾಟ್‌ನದು. ಸಿಡಿ31ಕ್ಕೂ ಸುಲಭವಾಗಿ ಸಿಗುವವು ರ್‍ಯಾಟ್‌ನವೇ. ಎರಡನ್ನೂ ಒಟ್ಟಿಗೆ ಹಾಕಿದರೆ ಮೊದಲನೆಯದಕ್ಕೆ ಅಂಟಿ ಬಣ್ಣ ಕೊಡುವ ಎರಡನೇ ಹಂತದ ಆ್ಯಂಟಿಬಾಡಿ ಎರಡಕ್ಕೂ ಅಂಟುತ್ತದೆ, ಸಿಡಿ31 ಇದ್ದಲ್ಲೆಲ್ಲ ಎಂಡೊಮ್ಯೂಸಿನ್ ‘ಇದೆ’ ಎಂದು ಕಾಣುತ್ತದೆ, ಮೂಳೆ ತುಂಬ ಎಚ್ ನಾಳ! ಸಿಡಿ31ಕ್ಕೆ ಆಡಿನ ಆ್ಯಂಟಿಬಾಡಿ ತರಿಸಿಕೊಂಡರೆ ತೊಂದರೆ ತಪ್ಪುತ್ತದೆ. ಆದರೆ ಆಡಿನ ಆ್ಯಂಟಿಬಾಡಿ ಬಂದ ಮೇಲೆ ಆಡಿನ ಸೀರಮ್ಮಿನಲ್ಲಿ ಬ್ಲಾಕ್ ಮಾಡುವ ಹಳೆಯ ರೂಢಿ ಬಿಡಬೇಕು. ಡಾಂಕಿ ಸೀರಮ್ ಹೇಳಿದ್ದು ಅದಕ್ಕೇ. ಕೆಲಸ ಸರಿಯಾಗಿದೆಯೇ ಎಂದು ನೋಡಲು ಧಮನಿಯೊಂದನ್ನು ಹುಡುಕಿ. ಧಮನಿಯಲ್ಲಿ ಸಿಡಿ31 ಇರುತ್ತದೆ, ಎಂಡೊಮ್ಯೂಸಿನ್ ಇರುವುದಿಲ್ಲ. ಧಮನಿಯೂ ಎರಡೂ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಆ ಸ್ಲೈಡು ಎಸೆಯಬಹುದು.

ಕಾನ್‌ಫೋಕಲ್ ಸೂಕ್ಷ್ಮದರ್ಶಕದ ಮುಂದೆ ಕೂತವರ ಕೈ ಪದೇ ಪದೇ ಗೇನ್ ಗುಂಡಿಯ ಮೇಲೆ ಹೋಗುತ್ತದೆ. ಚಿತ್ರ ಮಂಕಾಗಿ ಕಂಡರೆ ಸ್ವಲ್ಪ ಏರಿಸೋಣ ಎನಿಸುವುದು ಸಹಜ. ಈ ಕೆಲಸದಲ್ಲಿ ಅದು ಮಾಡಬಾರದ್ದು. ಎಚ್ ಮತ್ತು ಎಲ್ ನಡುವಿನ ಗೆರೆಯೇ ಹೊಳಪು. ಅಂಡಾಶಯ ತೆಗೆದ ಇಲಿಯ ಚಿತ್ರಕ್ಕೆ ಗೇನ್ ಏರಿಸಿದರೆ ಎಲ್ ನಾಳ ಎಚ್ ಆಯಿತು, ಪ್ರಯೋಗ ಮುಗಿಯಿತು. ಅತ್ಯಂತ ಹೊಳೆಯುವ ಮಾದರಿಯಲ್ಲಿ ಲೇಸರ್, ಗೇನ್ ಒಮ್ಮೆ ಹೊಂದಿಸಿ, ಬರೆದಿಟ್ಟು, ಎಲ್ಲ ಗುಂಪಿಗೂ ಅದನ್ನೇ ಇಡುತ್ತೇವೆ. ಎರಡೂ ಗುಂಪಿನ ಸ್ಲೈಡುಗಳನ್ನು ಒಂದೇ ದಿನ ಬಣ್ಣ ಹಾಕಿ, ಒಂದೇ ಸಲ ಕೂತು ಚಿತ್ರ ತೆಗೆಯುತ್ತೇವೆ. ಆಳಕ್ಕೆ ಹೋದಂತೆ ಆ್ಯಂಟಿಬಾಡಿಯೂ ಬೆಳಕೂ ಎರಡೂ ಕುಗ್ಗುತ್ತವೆ. ಪದರದ ನಡುವಿನ ನಾಳ ಮೇಲಿನದಕ್ಕಿಂತ ಮಂಕಾಗಿರುವುದು ಸಾಮಾನ್ಯ, ಅದನ್ನು ‘ಎಲ್’ ಎಂದು ಎಣಿಸಬಾರದು. ಕೆಂಪು ರಕ್ತಕಣಗಳೂ ಮೂಳೆಯ ಕೊಲಾಜನ್ನೂ ಹಸಿರು ಬಣ್ಣದಲ್ಲಿ ತಾವಾಗಿಯೇ ಹೊಳೆಯುತ್ತವೆ, ಆದ್ದರಿಂದ ದುರ್ಬಲ ಗುರುತನ್ನು ದೂರಗೆಂಪಿಗೆ ಹಾಕುವುದು ಜಾಣತನ. ಎಣಿಸುವವರಿಗೆ ಯಾವುದು ಯಾವ ಗುಂಪು ಎಂದು ಗೊತ್ತಿರಬಾರದು. ಒಂದು ಇಲಿಯಿಂದ ಹತ್ತು ಪದರ ತೆಗೆದರೆ ಅದು ಹತ್ತು ಮಾದರಿಯಲ್ಲ, ಒಂದೇ ಮಾದರಿ. ಇಷ್ಟು ಸರಳ ಮಾತು ಎಷ್ಟೋ ಗ್ರಾಫುಗಳಲ್ಲಿ ಮರೆತುಹೋಗಿರುತ್ತದೆ.

ನಾಳಗಳಿಗೆ ಸೀಸದ ಕ್ರೋಮೇಟ್ ಬೆರೆಸಿದ ಸಿಲಿಕೋನ್ ರಬ್ಬರು ತುಂಬಿ, ಮೂಳೆ ಮೆತ್ತಗಾದ ಮೇಲೆ ಮತ್ತೆ ಸಿಟಿ ತೆಗೆಯುವ ಇನ್ನೊಂದು ವಿಧಾನವೂ ಇದೆ. ಆಗ ಮೂಳೆ ಮಾಯವಾಗಿ ನಾಳದ ಮರ ಮಾತ್ರ ಕಾಣುತ್ತದೆ. ನೋಡಲು ಸೊಗಸು. ಹೆಪಾರಿನ್ ಹಾಕಿದ ದ್ರಾವಣದಿಂದ ಮೊದಲೇ ಚೆನ್ನಾಗಿ ತೊಳೆಯದಿದ್ದರೆ ಗರಣೆಯ ಮುಂದೆ ರಬ್ಬರು ನಿಲ್ಲುತ್ತದೆ. ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಆಚೆಯ ಕೊಂಬೆಯೆಲ್ಲ ‘ಇಲ್ಲ’. ಅದಕ್ಕೂ ಮುಖ್ಯವಾಗಿ, ಲೋಮನಾಳಗಳಷ್ಟು ಸಣ್ಣವು ಈ ಚಿತ್ರದಲ್ಲಿ ಸಿಗುವುದೇ ಇಲ್ಲ. ಇದರಲ್ಲಿ ಎಚ್ ನಾಳದ ಮಾತು ಎತ್ತುವಂತಿಲ್ಲ.

ಎಲ್ಲ ಸರಿಯಾಗಿ ನಡೆದರೆ ಕಾಣುವುದಿಷ್ಟು: ಅಂಡಾಶಯ ತೆಗೆದ ಇಲಿಯ ಗ್ರೋತ್ ಪ್ಲೇಟಿನ ಕೆಳಗೆ ಕಂಬಗಳು ವಿರಳ, ಗಿಡ್ಡ, ಸುತ್ತಲಿನ ಎಳೆಯ ಕೋಶಗಳೂ ಕಡಿಮೆ, ಮಜ್ಜೆಯಲ್ಲಿ ಕೊಬ್ಬಿನ ಗುಳ್ಳೆಗಳು ಜಾಸ್ತಿ. ಇದಕ್ಕೆ ಸಿಕ್ಕಿರುವ ವಿವರಣೆಗಳಲ್ಲಿ ನಮಗೆ ಹೆಚ್ಚು ಹಿಡಿಸುವುದು 2014ರಲ್ಲೇ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದದ್ದು. ಮೂಳೆ ಕರಗಿಸುವ ಕೋಶ ಪೂರ್ತಿ ಬೆಳೆಯುವ ಮುಂಚೆ, ಒಂಟಿ ನ್ಯೂಕ್ಲಿಯಸ್ಸಿನ ಹಂತದಲ್ಲಿ, ಪಿಡಿಜಿಎಫ್-ಬಿಬಿ ಎಂಬ ಪ್ರೋಟೀನನ್ನು ಸುರಿಸುತ್ತದೆ. ಅದು ಎಚ್ ನಾಳಗಳನ್ನೂ ಮೂಳೆ ಕಟ್ಟುವ ಎಳೆಯ ಕೋಶಗಳನ್ನೂ ಕರೆಯುತ್ತದೆ. ಈಸ್ಟ್ರೋಜನ್ ಹೋದಾಗ ಆ ಒಂಟಿ ನ್ಯೂಕ್ಲಿಯಸ್ಸಿನ ಕೋಶಗಳು ಅವಸರದಲ್ಲಿ ಒಂದಕ್ಕೊಂದು ಕೂಡಿ ಪೂರ್ಣ ಕರಗಿಸುವ ಕೋಶಗಳಾಗಿಬಿಡುತ್ತವೆ. ಕರಗಿಸುವವರು ಹೆಚ್ಚಿದರು, ಕರೆಯುವವರು ಕಡಿಮೆಯಾದರು. ಒಂದೇ ಕಾರಣಕ್ಕೆ ಮೂಳೆಯೂ ಹೋಗುತ್ತದೆ, ನಾಳವೂ ಹೋಗುತ್ತದೆ. ಹಾಗಿದ್ದರೆ ‘ರಕ್ತ ಕಡಿಮೆಯಾಗಿ ಮೂಳೆ ಸೊರಗಿತು’ ಎಂಬ ಸರಳ ಕಥೆ ಪೂರ್ತಿ ನಿಜವಲ್ಲ.

ಇಲಿಯಿಂದ ಹೆಂಗಸಿನ ಮೂಳೆಗೆ ಬಂದಾಗ ಮೊದಲು ಎದುರಾಗುವುದು ಗ್ರೋತ್ ಪ್ಲೇಟ್. ಮನುಷ್ಯರಲ್ಲಿ ಹರೆಯ ಮುಗಿಯುತ್ತಿದ್ದಂತೆ ಅದು ಮುಚ್ಚಿಹೋಗುತ್ತದೆ. ಇಲಿಯಲ್ಲಿ ದೊಡ್ಡದಾದ ಮೇಲೂ ಉಳಿದಿರುತ್ತದೆ. 70 ವರ್ಷದ ಹೆಂಗಸಿನ ಮೂಳೆಯಲ್ಲಿ ಸಾಲುಕಂಬ ಹುಡುಕಿದರೆ ಸಿಗುವುದಿಲ್ಲ. ಒಳಗೋಡೆಯ ಅಂಚಿನಲ್ಲಿ, ಜಾಳಿಗೆಯ ಕಡ್ಡಿಗಳ ಪಕ್ಕದಲ್ಲಿ ಹೊಳೆಯುವ ನಾಳ ಹುಡುಕಬೇಕು. ಮನುಷ್ಯರ ಮೂಳೆಯಲ್ಲೂ ವಯಸ್ಸಿನ ಜೊತೆ, ಮೂಳೆ ಸಾಂದ್ರತೆ ಇಳಿದ ಹಾಗೆ, ಇವು ಕಡಿಮೆಯಾಗುತ್ತವೆ ಎಂದು 2017ರಲ್ಲಿ ವರದಿಯಾಯಿತು.

ಮನುಷ್ಯರ ಮೂಳೆ ಹೆಚ್ಚಾಗಿ ಸಿಗುವುದು ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಿಂದ, ರೋಗಿಯ ಒಪ್ಪಿಗೆ ಬರೆಸಿಕೊಂಡು. ತೆಗೆದುಹಾಕುವ ತೊಡೆಮೂಳೆಯ ತಲೆ ಒಳ್ಳೆಯ ಮಾದರಿಯೇ. ಆದರೆ ಸೊಂಟ ಮುರಿದವರ ಮೂಳೆಯನ್ನು ‘ರೋಗ’ ಎಂದೂ ಕೀಲು ಸವೆದವರ ಮೂಳೆಯನ್ನು ‘ಸರಿ’ ಎಂದೂ ಎದುರುಬದುರು ಇಡುವುದು ಸರಿಯಲ್ಲ. ಕೀಲು ಸವೆದ ಕಡೆ ಮೃದ್ವಸ್ಥಿಯ ಕೆಳಗಿನ ಮೂಳೆ ಗಟ್ಟಿಯಾಗಿ ದಪ್ಪವಾಗಿರುತ್ತದೆ, ಅಲ್ಲಿ ಹೊಸ ನಾಳಗಳೂ ನುಗ್ಗಿರುತ್ತವೆ. ಅದು ಇನ್ನೊಂದು ರೋಗ, ಹೋಲಿಕೆಯ ಅಳತೆಗೋಲಲ್ಲ. ಮುರಿದ ಮೂಳೆಯದ್ದೂ ತನ್ನದೇ ತಕರಾರು: ಮುರಿದು ಶಸ್ತ್ರಚಿಕಿತ್ಸೆಯಾಗುವಷ್ಟರಲ್ಲಿ ದಿನಗಳು ಕಳೆದಿದ್ದರೆ ಗಾಯಕ್ಕೆ ಹೊಸ ನಾಳ ಚಿಗುರಲು ಶುರುವಾಗಿರುತ್ತದೆ. ಮುರಿದ ಗೆರೆಯಿಂದ ಆದಷ್ಟು ದೂರದಿಂದ ಚೂರು ತೆಗೆಯಬೇಕು, ಎಷ್ಟನೇ ದಿನ ತೆಗೆದದ್ದು ಎಂದು ಬರೆದಿಡಬೇಕು. ಚೂರು 3ರಿಂದ 5 ಮಿಲಿಮೀಟರಿಗಿಂತ ದಪ್ಪವಾದರೆ ನಡುವಿಗೆ ಫಾರ್ಮಾಲ್ಡಿಹೈಡ್ ತಲುಪುವುದರೊಳಗೆ ಮಜ್ಜೆ ಕೊಳೆಯತೊಡಗಿರುತ್ತದೆ. ಇಡಿಟಿಎಗೆ ಇಲ್ಲಿ ದಿನಗಳ ಲೆಕ್ಕವಿಲ್ಲ, ವಾರಗಳ ಲೆಕ್ಕ. ಇಲಿಗೆ ಕೆಲಸ ಮಾಡಿದ ಆ್ಯಂಟಿಬಾಡಿ ಮನುಷ್ಯರ ಪ್ರೋಟೀನನ್ನು ಹಿಡಿಯುತ್ತದೆ ಎಂದು ನಂಬುವಂತಿಲ್ಲ. ಮನುಷ್ಯರದ್ದಕ್ಕೆಂದೇ ಮಾಡಿದ್ದನ್ನು ತರಿಸಿ, ನಾಳ ತುಂಬಿದ ಬೇರೊಂದು ಅಂಗಾಂಶದ ಮೇಲೆ ಮೊದಲು ಪರೀಕ್ಷಿಸಬೇಕು.

ಬದುಕಿರುವ ಹೆಂಗಸಿನ ಮೂಳೆ ಕತ್ತರಿಸಲಾಗದು. ಅಲ್ಲಿ ಇರುವುದು ಎಂಆರ್‌ಐ. ರಕ್ತಕ್ಕೆ ಗ್ಯಾಡೊಲಿನಿಯಂ ಇರುವ ಮದ್ದನ್ನು ತೂಕದ ಪ್ರತಿ ಕಿಲೋಗ್ರಾಂಗೆ 0.1 ಮಿಲಿಮೋಲ್ ಲೆಕ್ಕದಲ್ಲಿ ಪಂಪಿನಿಂದ ಒಂದೇ ವೇಗದಲ್ಲಿ ಬಿಟ್ಟು, ಸೊಂಟದ ಬೆನ್ನುಮೂಳೆಯ ಚಿತ್ರವನ್ನು ಕ್ಷಣಕ್ಷಣಕ್ಕೂ ತೆಗೆಯುತ್ತಾರೆ. ಮಜ್ಜೆ ಎಷ್ಟು ಬೇಗ ಬೆಳಗುತ್ತದೆ, ಗರಿಷ್ಠ ಎಷ್ಟು ಬೆಳಗುತ್ತದೆ, ಈ ಎರಡು ಅಂಕಿಗಳು ರಕ್ತದ ಹರಿವಿನ ಸುಳಿವು. ಮೂತ್ರಪಿಂಡದ ಕೆಲಸ ತೀರ ಕುಗ್ಗಿದವರಿಗೆ, ಅಂದರೆ ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗದ ಅಂಕಿ) 30ಕ್ಕಿಂತ ಕೆಳಗಿದ್ದರೆ, ಈ ಮದ್ದಿನ ವಿಷಯದಲ್ಲಿ ಎಚ್ಚರ ಬೇಕು. ವಯಸ್ಸಾದವರಲ್ಲಿ ಇದನ್ನು ಮೊದಲೇ ರಕ್ತಪರೀಕ್ಷೆಯಲ್ಲಿ ನೋಡಿಕೊಳ್ಳುತ್ತಾರೆ. ಅಳತೆಯ ವೃತ್ತ ಎಳೆಯುವಾಗ ಬೆನ್ನುಮೂಳೆಯ ಹಿಂಬದಿಯ ನಡುವಿನಿಂದ ಹೊರಡುವ ದೊಡ್ಡ ಅಭಿಧಮನಿಯನ್ನು ಬಿಡಬೇಕು, ಅಂಚಿನ ಗಟ್ಟಿಮೂಳೆಯನ್ನು ಬಿಡಬೇಕು, ಇತ್ತೀಚೆಗೆ ಕುಸಿದ ಮೂಳೆಯನ್ನಂತೂ ಮುಟ್ಟಬಾರದು. ಹೊಸದಾಗಿ ಕುಸಿದ ಮೂಳೆಗೆ ರಕ್ತ ಹೆಚ್ಚು ನುಗ್ಗುತ್ತಿರುತ್ತದೆ, ಅದೊಂದೇ ಸೇರಿದರೂ ಸರಾಸರಿ ತಲೆಕೆಳಗಾಗುತ್ತದೆ.

ಹೀಗೆ ಅಳೆದಾಗ, ಮೂಳೆ ಟೊಳ್ಳಾದ ಹಿರಿಯ ಹೆಂಗಸರ ಮಜ್ಜೆಯಲ್ಲಿ ಹರಿವು ಕಡಿಮೆ, ಕೊಬ್ಬು ಹೆಚ್ಚು ಎಂದು 2006ರಲ್ಲಿ ರೇಡಿಯಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕಿಂತ ಮುಖ್ಯವೆನಿಸುವುದು 2008ರ ಇನ್ನೊಂದು ಅಳತೆ: ತೊಡೆಮೂಳೆಯ ಮೇಲ್ತುದಿಯಲ್ಲಿ ಹರಿವು ಇಳಿದಿದ್ದರೂ ಅದೇ ರಕ್ತಮೂಲದ ಪಕ್ಕದ ಸ್ನಾಯುವಿನಲ್ಲಿ ಇಳಿದಿರಲಿಲ್ಲ. ಅಂದರೆ ತೊಂದರೆ ಮೇಲಿನ ದೊಡ್ಡ ಕೊಳವೆಯಲ್ಲಿಲ್ಲ, ಮೂಳೆಯೊಳಗೇ ಇದೆ. ಆದರೂ ಒಂದು ಸಂದೇಹ ಉಳಿಯುತ್ತದೆ. ಮಜ್ಜೆಯ ಜಾಗವನ್ನು ಕೊಬ್ಬು ತುಂಬಿಕೊಂಡರೆ, ಕೊಬ್ಬಿನ ಮಜ್ಜೆಗೆ ಸಹಜವಾಗಿಯೇ ನಾಳ ಕಡಿಮೆ. ಹರಿವು ಇಳಿದದ್ದರಿಂದ ಕೊಬ್ಬು ಬಂತೋ, ಕೊಬ್ಬು ಬಂದದ್ದರಿಂದ ಹರಿವು ಇಳಿಯಿತೋ ಎಂಬುದನ್ನು ಒಂದೇ ದಿನ ತೆಗೆದ ಚಿತ್ರ ಹೇಳಲಾರದು.

ಮೂಳೆ ಸಾಂದ್ರತೆ ಅಳೆಯಲು ಆಸ್ಪತ್ರೆಯಲ್ಲಿ ಮಾಡುವ ಡೆಕ್ಸಾ ಸ್ಕ್ಯಾನಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಅದು ಕ್ಯಾಲ್ಸಿಯಂ ಮಾತ್ರ ಎಣಿಸುತ್ತದೆ. ಟಿ-ಸ್ಕೋರ್ (ಎಳೆಯ ವಯಸ್ಕರ ಸರಾಸರಿ ಸಾಂದ್ರತೆಯಿಂದ ಎಷ್ಟು ದೂರ ಎಂಬ ಅಂಕಿ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆಯೇ ಇಂದಿಗೂ ಇದೆ. ಆದರೆ ಅಲ್ಲಿಯೂ ರಕ್ತನಾಳ ಬೇರೊಂದು ಬಗೆಯಲ್ಲಿ ಅಡ್ಡ ಬರುತ್ತದೆ. ಹೊಟ್ಟೆಯ ಮಹಾಧಮನಿ ಸೊಂಟದ ಬೆನ್ನುಮೂಳೆಯ ಮುಂದೆಯೇ ಇಳಿದು ಬರುತ್ತದೆ. ವಯಸ್ಸಾದವರಲ್ಲಿ ಅದರ ಗೋಡೆಗೆ ಕ್ಯಾಲ್ಸಿಯಂ ಕಟ್ಟಿದ್ದರೆ ಯಂತ್ರ ಅದನ್ನೂ ಮೂಳೆಯ ಲೆಕ್ಕಕ್ಕೆ ಸೇರಿಸಿಬಿಡಬಹುದು. ಮೂಳೆಯಂಚಿನಲ್ಲಿ ಬೆಳೆದ ಮುಳ್ಳು, ಕುಸಿದು ಚಪ್ಪಟೆಯಾದ ಮೂಳೆ ಇನ್ನೂ ದೊಡ್ಡ ಮೋಸ ಮಾಡುತ್ತವೆ. ಒಂದನೆಯದರಿಂದ ನಾಲ್ಕನೆಯ ಸೊಂಟದ ಬೆನ್ನುಮೂಳೆಯವರೆಗಿನ ನಾಲ್ಕು ಅಂಕಿಗಳಲ್ಲಿ ಒಂದು ಮಾತ್ರ ಎತ್ತರದಲ್ಲಿದ್ದರೆ ಅದನ್ನು ಬಿಟ್ಟು ಉಳಿದವನ್ನು ಓದಬೇಕು, ತೊಡೆಮೂಳೆಯ ಕುತ್ತಿಗೆಯ ಅಂಕಿಯನ್ನೂ ನೋಡಬೇಕು.

ನಾಳಕ್ಕೆ ಔಷಧ ಕೊಟ್ಟು ಮೂಳೆ ಉಳಿಸುವ ಆಸೆ ಹಳೆಯದು. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮುಲಾಮಿನಿಂದ ಮೂಳೆ ಸಾಂದ್ರತೆ ಏರಿತು ಎಂದು 2011ರಲ್ಲಿ ದೊಡ್ಡ ಸುದ್ದಿಯಾಯಿತು. ಆ ಪ್ರಬಂಧವನ್ನು ಮುಂದೆ ಹಿಂತೆಗೆದುಕೊಳ್ಳಲಾಯಿತು. ಅದಕ್ಕೂ ಮೊದಲು, 2009ರಲ್ಲಿ ಬಂದ ಮೂರು ವರ್ಷಗಳ ಪ್ರಯೋಗದಲ್ಲಿ ಉಪಯೋಗವೇನೂ ಕಂಡಿರಲಿಲ್ಲ. ಮುದಿ ಇಲಿಗಳಲ್ಲಿ ಕಬ್ಬಿಣ ಹಿಡಿದಿಡುವ ಡೆಫೆರಾಕ್ಸಮೈನ್ ಎಚ್ ನಾಳಗಳನ್ನೂ ಮೂಳೆಯನ್ನೂ ಹೆಚ್ಚಿಸಿದ್ದು ನಿಜ, ಆದರೆ ಆ ಫಲಿತಾಂಶ ಇಲಿಯದು. ಕರಗಿಸುವ ಕೋಶವನ್ನು ಕೊಲ್ಲದೆ ಅದರ ಕೆಲಸ ಮಾತ್ರ ತಡೆದು, ಪಿಡಿಜಿಎಫ್-ಬಿಬಿ ಸುರಿಯುವುದು ನಿಲ್ಲದಂತೆ ನೋಡಿಕೊಳ್ಳುವ ಕೆಥೆಪ್ಸಿನ್ ಕೆ (ಮೂಳೆ ಕರಗಿಸುವ ಕಿಣ್ವ) ತಡೆಮದ್ದು ಕಾಗದದ ಮೇಲೆ ಬಲು ಚೆಂದ. ಆ ಗುಂಪಿನ ಒಡನಾಕ್ಯಾಟಿಬ್ ಮೂಳೆ ಮುರಿತವನ್ನು ಕಡಿಮೆ ಮಾಡಿತು ಕೂಡ. ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದರಿಂದ 2016ರಲ್ಲಿ ಅದನ್ನು ಕೈಬಿಟ್ಟರು.

ಮೂಳೆ ಕಟ್ಟಿಸುವ ಚುಚ್ಚುಮದ್ದು ರೋಮೊಸೊಝುಮ್ಯಾಬ್ ಸದ್ಯ ಬಳಕೆಯಲ್ಲಿದೆ. ತಿಂಗಳಿಗೆ 210 ಮಿಲಿಗ್ರಾಂ, ಹನ್ನೆರಡು ತಿಂಗಳು. 2017ರಲ್ಲಿ ಪ್ರಕಟವಾದ ಪ್ರಯೋಗದ ಮೊದಲ ವರ್ಷದಲ್ಲಿ ಹೃದಯ ಮತ್ತು ರಕ್ತನಾಳದ ಗಂಭೀರ ತೊಂದರೆ ಇದನ್ನು ಪಡೆದವರಲ್ಲಿ 2.5 ಶೇಕಡಾ, ಹಳೆಯ ಮೂಳೆಮದ್ದು ಅಲೆಂಡ್ರೊನೇಟ್ ಪಡೆದವರಲ್ಲಿ 1.9 ಶೇಕಡಾ. ಹಾಗಾಗಿ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಾಗ, ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಇದನ್ನು ಶುರುಮಾಡಬಾರದು ಎಂಬ ಎಚ್ಚರಿಕೆಯನ್ನು ಔಷಧದ ಮಾಹಿತಿಯ ಮೇಲ್ಭಾಗದಲ್ಲೇ, ಚೌಕಟ್ಟಿನೊಳಗೆ ಹಾಕಿಸಿತು. ಮೊದಲ ಚುಚ್ಚುಮದ್ದಿಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳು ಹೃದಯದ್ದೂ ಮೆದುಳಿನದ್ದೂ ಆಗಿರಬೇಕು, ಟಿ-ಸ್ಕೋರಿನದ್ದು ಮಾತ್ರವಲ್ಲ.